ರೊಡ್ರಿಗಸ್ ದ್ವೀಪದ ಗುಹೆ, ದೈತ್ಯ ಆಮೆ: ಹೋಗಿಬರಲು ಪೂರ್ತಿ ಮಾರ್ಗದರ್ಶಿ

ಮಾರಿಷಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬೀಚು, ಗಂಗಾ ತಲಾವ್, ಶಾಮರೆಲ್‌ನ ಏಳು ಬಣ್ಣದ ಮಣ್ಣು ನೋಡಿ ವಾಪಸ್ ಬರುತ್ತಾರೆ. ಅಲ್ಲಿಂದ ಪೂರ್ವಕ್ಕೆ ಇನ್ನೊಂದು ಒಂದೂವರೆ ಗಂಟೆ ಹಾರಿದರೆ ರೊಡ್ರಿಗಸ್ ಸಿಗುತ್ತದೆ. ಮಾರಿಷಸ್ ದೇಶಕ್ಕೇ ಸೇರಿದ ಪುಟ್ಟ ದ್ವೀಪ. 2002ರಿಂದ ಅದಕ್ಕೆ ಸ್ವಂತ ಪ್ರಾದೇಶಿಕ ಸರ್ಕಾರವಿದೆ. ಉದ್ದ 18 ಕಿ.ಮೀ., ಅಗಲ ಎಂಟರ ಆಸುಪಾಸು, ಜನ 40 ಸಾವಿರ ಚಿಲ್ಲರೆ. ದ್ವೀಪದ ನೈಋತ್ಯ ಮೂಲೆಯಲ್ಲಿ ಫ್ರಾಂಸ್ವಾ ಲೆಗಾ ಮೀಸಲು ಧಾಮ ಅಂತ ಒಂದು ಜಾಗ. 20 ಹೆಕ್ಟೇರ್, ಅಂದರೆ ಹೆಚ್ಚುಕಮ್ಮಿ 50 ಎಕರೆ. ಅಲ್ಲಿ ಸಾವಿರಾರು ಆಮೆಗಳು ಬಿಡುಬೀಸಾಗಿ ಓಡಾಡುತ್ತವೆ. ಓಡಾಡುತ್ತವೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಸರಿ, ನಡೆಯುತ್ತವೆ. ಅದೇ ಆವರಣದ ನೆಲದಡಿಯಲ್ಲಿ ಸುಣ್ಣದ ಕಲ್ಲಿನ ಗುಹೆ ಇದೆ.

ಈ ಎರಡನ್ನೂ ಬೇರೆ ಬೇರೆ ಅಂತ ನೋಡಿದರೆ ಅರ್ಧ ದಿನದ ಪಿಕ್‌ನಿಕ್ ಅಷ್ಟೇ. ಆದರೆ ದ್ವೀಪದ ಸ್ವಂತ ಆಮೆಗಳ ಮೂಳೆ ಸಿಕ್ಕಿದ್ದು ಇಲ್ಲಿನ ಗುಹೆಗಳಲ್ಲಿ. ಮೇಲೆ ಹುಲ್ಲು ಮೇಯುತ್ತಿರುವುದು ಬೇರೆ ಕಡೆಯಿಂದ ತಂದ ಆಮೆಗಳು. ಇದೊಂದು ತಲೆಯಲ್ಲಿದ್ದರೆ ಇಡೀ ಭೇಟಿಯೇ ಬೇರೆ ಥರ ಕಾಣುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ನಾನು ಹೇಳುವ ಕ್ರಮ ಸ್ವಲ್ಪ ಬೇರೆ.

ಹಂತ 1: ಯಾವಾಗ ಹೋಗಬೇಕು, ಎಷ್ಟು ದಿನ

ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ಅಲ್ಲಿ ಆಗ ಚಳಿಗಾಲ. ಚಳಿ ಅಂದರೆ ನಮ್ಮ ಬೆಂಗಳೂರಿನ ಡಿಸೆಂಬರ್‌ನಷ್ಟೂ ಇಲ್ಲ. ಆದರೆ ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ ಜಾಸ್ತಿ, ಚಂಡಮಾರುತದ ಕಾಲವೂ ಅದೇ. ಶಾಲೆಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೊರಡುವ ಮನೆಯವರು ಇದನ್ನು ನೆನಪಿಡಬೇಕು. ಅದಕ್ಕಿಂತ ದಸರಾ ರಜೆ ಒಳ್ಳೆಯದು.

ರೊಡ್ರಿಗಸ್‌ನಲ್ಲಿ ಕಡಿಮೆ ಅಂದರೂ ಮೂರು ರಾತ್ರಿ ಇರಿ. ಹೋಗಿಬರುವ ವಿಮಾನ ಸಣ್ಣದು. ಗಾಳಿ ಜೋರಾದರೆ ತಡವಾಗುತ್ತದೆ, ಒಮ್ಮೊಮ್ಮೆ ರದ್ದೂ ಆಗುತ್ತದೆ. ಹಾಗಾಗಿ ವಾಪಸ್ ಬರುವಾಗ ಮಾರಿಷಸ್‌ನಲ್ಲಿ ಒಂದು ರಾತ್ರಿ ಉಳಿಯುವಂತೆ ಇಟ್ಟುಕೊಳ್ಳಿ. ಬೆಳಗ್ಗೆ ರೊಡ್ರಿಗಸ್ ಬಿಟ್ಟು ಮಧ್ಯಾಹ್ನ ಮುಂಬೈ ವಿಮಾನ ಹಿಡಿಯುತ್ತೇನೆ ಅಂತ ಲೆಕ್ಕ ಹಾಕುವುದು ಜೂಜಾಟ.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಧಾಮ ವಿಮಾನ ನಿಲ್ದಾಣಕ್ಕೆ ಹತ್ತಿರ. ಆದ್ದರಿಂದ ಕೊನೆಯ ದಿನ ಚೀಲ ಕಟ್ಟಿಕೊಂಡು, ಹೋಗುವ ದಾರಿಯಲ್ಲಿ ಇಣುಕಿ ಹೋಗೋಣ ಅಂದುಕೊಳ್ಳುತ್ತಾರೆ. ಬೇಡ. ಎರಡನೇ ದಿನವೇ ಇದಕ್ಕೆ ಮೀಸಲಿಡಿ, ಪೂರ್ತಿ ದಿನ. ಏನಾದರೂ ಕೈಕೊಟ್ಟರೆ ಮೂರನೇ ದಿನ ಇರುತ್ತದಲ್ವಾ.

ಹಂತ 2: ಟಿಕೆಟ್, ಕಾಗದಪತ್ರ

ಮುಂಬೈಯಿಂದ ಮಾರಿಷಸ್‌ಗೆ ನೇರ ವಿಮಾನ ಇದೆ. ಮಾರಿಷಸ್‌ನಿಂದ ರೊಡ್ರಿಗಸ್‌ನ ಪ್ಲೇನ್ ಕೊರೈ ನಿಲ್ದಾಣಕ್ಕೆ ಪಂಖದ ಸಣ್ಣ ವಿಮಾನ, ಎಟಿಆರ್. ಹುಬ್ಬಳ್ಳಿಗೋ ಮೈಸೂರಿಗೋ ಅದೇ ಥರದ್ದರಲ್ಲಿ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ. ಸೀಟು ಕಮ್ಮಿ. ಆದ್ದರಿಂದ ಮೊದಲು ಈ ಟಿಕೆಟ್ ಇದೆಯಾ ನೋಡಿ, ಆಮೇಲೆ ಮುಂಬೈ ಟಿಕೆಟ್ ಮಾಡಿ. ಸಾಮಾನಿನ ತೂಕದ ಮಿತಿ ಎರಡು ವಿಮಾನದಲ್ಲೂ ಒಂದೇ ಇರುತ್ತದೆ ಅಂದುಕೊಳ್ಳಬೇಡಿ. ಟಿಕೆಟ್ ಮೇಲೆ ಬರೆದಿರುವುದನ್ನು ಓದಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ ಮೊದಲೇ ವೀಸಾ ಮಾಡಿಸುವ ಗೋಜಿಲ್ಲ. ಇಳಿದ ಮೇಲೆ ಮುದ್ರೆ ಹಾಕಿ ಬಿಡುತ್ತಾರೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣ ಇದೆ ಅನ್ನುವ ಪುರಾವೆ ಕೇಳುತ್ತಾರೆ. ಹೊರಡುವ ಮುಂಚೆ ಮಾರಿಷಸ್ ಸರ್ಕಾರದ ಆನ್‌ಲೈನ್ ಫಾರ್ಮ್ ತುಂಬಬೇಕು. ಎಲ್ಲವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ರೊಡ್ರಿಗಸ್ ಕೂಡ ಅದೇ ದೇಶ ಅಂತ ಪಾಸ್‌ಪೋರ್ಟನ್ನು ಮಾರಿಷಸ್ ಹೋಟೆಲ್‌ನಲ್ಲಿ ಬಿಟ್ಟು ಹೋಗಬೇಡಿ. ಅಲ್ಲೂ ಬೇಕಾಗುತ್ತದೆ.

ದುಡ್ಡಿನ ಹೆಸರು ಅಲ್ಲೂ ರೂಪಾಯಿಯೇ. ಅವರ ಒಂದು ರೂಪಾಯಿಗೆ ನಮ್ಮದು ಸುಮಾರು ಎರಡು ಬೀಳುತ್ತದೆ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ಅಷ್ಟೇ.

ಹಂತ 3: ವಾಸ, ಓಡಾಟ, ಊಟ

ದ್ವೀಪದ ಮುಖ್ಯ ಪಟ್ಟಣ ಪೋರ್ಟ್ ಮಾಥುರಿನ್, ಉತ್ತರ ತೀರದಲ್ಲಿದೆ. ಎಟಿಎಂ, ಬಸ್ ನಿಲ್ದಾಣ, ಸಂತೆ ಎಲ್ಲ ಅಲ್ಲೇ. ಶನಿವಾರ ಬೆಳಗ್ಗೆಯ ಸಂತೆ ತಪ್ಪಿಸಬೇಡಿ. ಬೇಗ ಹೋಗಬೇಕು, ಬಿಸಿಲು ಏರುವಷ್ಟರಲ್ಲಿ ಒಳ್ಳೆಯದೆಲ್ಲ ಖಾಲಿ. ಧಾಮ ಇರುವುದು ದ್ವೀಪದ ಇನ್ನೊಂದು ತುದಿಯಲ್ಲಿ. ಪಟ್ಟಣದಿಂದ ಗುಡ್ಡ ಹತ್ತಿ ಇಳಿದು ಹೋಗಲು ಮುಕ್ಕಾಲು ಗಂಟೆ ಬೇಕು.

ಓಡಾಟಕ್ಕೆ ಬಾಡಿಗೆ ಕಾರು ಒಳ್ಳೆಯದು. ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ರಸ್ತೆ ಕಿರಿದು, ತಿರುವು ಜಾಸ್ತಿ, ಮಧ್ಯೆ ಮೇಕೆ, ಹಸು. ಮಲೆನಾಡಿನಲ್ಲಿ ಓಡಿಸಿದವರಿಗೆ ಏನೂ ಕಷ್ಟವಿಲ್ಲ. ಬಸ್ಸೂ ಇದೆ, ಅಗ್ಗ. ಆದರೆ ಸಂಜೆ ಬೇಗ ನಿಂತುಬಿಡುತ್ತದೆ. ಬಸ್ಸಿನಲ್ಲಿ ಹೋಗುವುದಾದರೆ ವಾಪಸ್ ಬರುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವ ಮುಂಚೆಯೇ ಚಾಲಕರನ್ನು ಕೇಳಿ. ನಾನು ಕೇಳಲಿಲ್ಲ. ಒಂದು ತರಕಾರಿ ವ್ಯಾನಿನ ಹಿಂದೆ ಕೂತು ಬಂದೆ. ವ್ಯಾನಿನವರು ದುಡ್ಡು ತೆಗೆದುಕೊಳ್ಳಲೂ ಒಪ್ಪಲಿಲ್ಲ.

ಮಾರಿಷಸ್‌ನಲ್ಲಿ ಭೋಜ್‌ಪುರಿ, ತಮಿಳು, ತೆಲುಗು ಮೂಲದವರು ಬೇಕಾದಷ್ಟು ಇದ್ದಾರೆ. ರೊಡ್ರಿಗಸ್‌ನಲ್ಲಿ ಹಾಗಿಲ್ಲ. ಇಲ್ಲಿಯವರ ಮೂಲ ಹೆಚ್ಚಾಗಿ ಆಫ್ರಿಕಾ ಮತ್ತು ಮಡಗಾಸ್ಕರ್. ಮನೆಮಾತು ಕ್ರಿಯೋಲ್, ಫ್ರೆಂಚ್‌ನಿಂದ ಬೆಳೆದ ಆಡುಭಾಷೆ. ಫ್ರೆಂಚ್ ಎಲ್ಲರಿಗೂ ಬರುತ್ತದೆ, ಇಂಗ್ಲಿಷ್ ಪ್ರವಾಸಿ ಜಾಗಗಳಲ್ಲಿ ನಡೆಯುತ್ತದೆ. ಎದುರು ಸಿಕ್ಕವರಿಗೆ 'ಬೋಂಜೂರ್' ಅನ್ನಿ, ಹೊರಡುವಾಗ 'ಮೆರ್ಸಿ', ಅಂದರೆ ಧನ್ಯವಾದ. ಇಷ್ಟಕ್ಕೇ ಮುಖ ಅರಳುತ್ತದೆ.

ಊಟದ ವಿಷಯ. ಇದು ಮೀನು ಮತ್ತು ಆಕ್ಟೋಪಸ್‌ನ ಊರು. ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಅತಿಥಿಗೃಹದವರಿಗೆ ಹಿಂದಿನ ದಿನವೇ ಹೇಳಬೇಕು. ಅನ್ನ, ಕೆಂಪು ಕಾಳಿನ ಸಾರು, ಸೊಪ್ಪು ಮಾಡಿಕೊಡುತ್ತಾರೆ. ಜೊತೆಗೆ ನಿಂಬೆ ಉಪ್ಪಿನಕಾಯಿ ಮತ್ತು ಮೆಣಸಿನಕಾಯಿ ಅರೆದ ಖಾರ. ಉಪ್ಪಿನಕಾಯಿಗೆ ಅವರೂ 'ಅಶಾರ್' ಅಂತಲೇ ಹೇಳುವುದು. ನಮ್ಮ ನಾಲಿಗೆಗೆ ಏನೂ ಕೊರತೆ ಆಗುವುದಿಲ್ಲ. ದ್ವೀಪದಲ್ಲಿ ಕುಡಿಯುವ ನೀರಿಗೆ ತತ್ವಾರ ಇದೆ, ಸ್ನಾನಕ್ಕೆ ಬಕೆಟ್ ಇದ್ದರೆ ಬಕೆಟ್ ಬಳಸಿ.

ಹಂತ 4: ಚೀಲದಲ್ಲಿ ಏನಿರಬೇಕು

ಅತಿ ಮುಖ್ಯವಾದದ್ದು ಶೂ. ಹಿಡಿತ ಇರುವ ಅಟ್ಟೆಯ, ಬೆರಳು ಮುಚ್ಚುವ ಶೂ. ಗುಹೆಯ ನೆಲ ಒದ್ದೆ, ಹೊರಗಿನ ಸುಣ್ಣದ ಕಲ್ಲು ಚಾಕುವಿನಷ್ಟು ಚೂಪು. ಚಪ್ಪಲಿಯಲ್ಲಿ ಬಂದವರು ಇಡೀ ಹೊತ್ತು ನೆಲ ನೋಡಿಕೊಂಡೇ ನಡೆಯುತ್ತಾರೆ, ಮೇಲೆ ನೋಡಲು ಆಗುವುದೇ ಇಲ್ಲ. ಟೋಪಿ, ನೀರಿನ ಬಾಟಲಿ, ಸಣ್ಣ ಟಾರ್ಚ್, ಬೆವರು ಒರೆಸಲು ಒಂದು ಟವೆಲ್. ಚಕ್ಕುಲಿ, ಕೋಡುಬಳೆ ಒಯ್ಯಬಹುದು. ಹಣ್ಣು, ಬೀಜ, ಸಸಿ, ಮಣ್ಣು ಒಯ್ಯಬೇಡಿ, ತಡೆಯುತ್ತಾರೆ. ಪ್ಲಾಸ್ಟಿಕ್ ಕೈಚೀಲಕ್ಕೆ ದ್ವೀಪದಲ್ಲಿ 2014ರಿಂದಲೇ ನಿಷೇಧ. ಮನೆಯಿಂದ ಒಂದು ಬಟ್ಟೆ ಚೀಲ ಮಡಚಿ ಇಟ್ಟುಕೊಳ್ಳಿ.

ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಬುಕ್ ಮಾಡುವಾಗಲೇ ಹೇಳಿ. ಗುಹೆಗೆ ಮೆಟ್ಟಿಲು ಇಳಿಯಬೇಕು, ಹತ್ತಬೇಕು. ಕೆಲವು ಕಡೆ ತಲೆ ತಗ್ಗಿಸಬೇಕು. ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟಿದಂತೆ ಆಗುವವರು ಆಮೆಗಳನ್ನಷ್ಟೇ ನೋಡಿದರೂ ದುಡ್ಡಿಗೆ ಮೋಸವಿಲ್ಲ.

ಹಂತ 5: ಒಂದು ಗಂಟೆ ಮುಂಚೆ ಹೋಗಿ, ಮೊದಲು ಮ್ಯೂಸಿಯಂ ನೋಡಿ

ಧಾಮದೊಳಗೆ ಸುಮ್ನೆ ನುಗ್ಗಲು ಆಗುವುದಿಲ್ಲ. ಗೈಡ್ ಜೊತೆಗೆ, ಗೊತ್ತಾದ ಹೊತ್ತಿಗೆ ಗುಂಪಾಗಿ ಬಿಡುತ್ತಾರೆ. ಹಿಂದಿನ ದಿನ ನಿಮ್ಮ ಅತಿಥಿಗೃಹದವರಿಂದ ಫೋನ್ ಮಾಡಿಸಿ ಸಮಯ ಗೊತ್ತು ಮಾಡಿಕೊಳ್ಳಿ. ಬೆಳಗಿನ ಮೊದಲ ಗುಂಪನ್ನೇ ಕೇಳಿ. ಕಾರಣ ಆಮೆಯ ಹಂತದಲ್ಲಿ ಹೇಳುತ್ತೇನೆ.

ಹೆಚ್ಚಿನವರು ಎಲ್ಲ ಮುಗಿದ ಮೇಲೆ, ಸುಸ್ತಾಗಿ, ಹಸಿದು, ಮ್ಯೂಸಿಯಂ ಬಾಗಿಲಲ್ಲಿ ಇಣುಕಿ ಹೋಗುತ್ತಾರೆ. ಉಲ್ಟಾ ಮಾಡಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮೊದಲು ಇದನ್ನು ನೋಡಿ. ದೊಡ್ಡದೇನಲ್ಲ. ಆದರೆ ಮುಂದೆ ನೋಡುವುದಕ್ಕೆಲ್ಲ ಬೀಗದ ಕೈ ಇಲ್ಲಿದೆ.

ಧಾಮಕ್ಕೆ ಹೆಸರು ಬಂದದ್ದು ಫ್ರಾಂಸ್ವಾ ಲೆಗಾ ಅನ್ನುವವನಿಂದ. ಫ್ರಾನ್ಸಿನ ಪ್ರೊಟೆಸ್ಟೆಂಟ್. ಧರ್ಮದ ಕಾರಣಕ್ಕೆ ಊರು ಬಿಟ್ಟವನು. 1691ರಲ್ಲಿ ಏಳು ಜನ ಜೊತೆಗಾರರೊಂದಿಗೆ ಈ ದ್ವೀಪದಲ್ಲಿ ಇಳಿದ. ಆಗ ಇಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಎರಡು ವರ್ಷ ಇದ್ದರು. ಆಮೇಲೆ ತಾವೇ ಒಂದು ದೋಣಿ ಕಟ್ಟಿಕೊಂಡು ಮಾರಿಷಸ್‌ಗೆ ಹೋದರು. ಅಲ್ಲಿದ್ದ ಡಚ್ಚರು ಅವರನ್ನು ಸೆರೆಗೆ ಹಾಕಿದರು. ಅದು ಬೇರೆ ಕಥೆ. ನಮಗೆ ಬೇಕಾದದ್ದು ಲೆಗಾ ಬರೆದಿಟ್ಟ ಒಂದು ಮಾತು: ಆಮೆಗಳು ಎಷ್ಟು ಒತ್ತಾಗಿ ಸೇರುತ್ತಿದ್ದವು ಅಂದರೆ, ನೆಲಕ್ಕೆ ಕಾಲಿಡದೆ ಅವುಗಳ ಬೆನ್ನ ಮೇಲೇ ನೂರು ಹೆಜ್ಜೆಗಿಂತ ಹೆಚ್ಚು ನಡೆಯಬಹುದಿತ್ತಂತೆ.

ಆಗ ಇಲ್ಲಿ ಎರಡು ಜಾತಿಯ ಆಮೆಗಳಿದ್ದವು. ಒಂದರ ಚಿಪ್ಪು ಗುಮ್ಮಟದ ಹಾಗೆ ದುಂಡಗೆ. ಇನ್ನೊಂದರದು ಕುದುರೆಯ ಜೀನಿನ ಹಾಗೆ ಮುಂದೆ ಎತ್ತಿದ್ದು, ಉದ್ದ ಕತ್ತು. ಒಂದು ನೆಲದ ಹುಲ್ಲು ಮೇಯುತ್ತಿತ್ತು, ಇನ್ನೊಂದು ಕತ್ತು ಚಾಚಿ ಗಿಡದ ಎಲೆ ಕೀಳುತ್ತಿತ್ತು. ನೂರು ವರ್ಷದಲ್ಲಿ ಎರಡೂ ಮುಗಿದವು. 18ನೇ ಶತಮಾನದಲ್ಲಿ ಮಾರಿಷಸ್‌ನಿಂದ ಹಡಗುಗಳು ಬಂದು ಆಮೆಗಳನ್ನು ಸಾವಿರ ಸಾವಿರ ತುಂಬಿಕೊಂಡು ಹೋದವು. ಮಾಂಸಕ್ಕೆ, ಕೊಬ್ಬಿಗೆ. ಮೇವು ನೀರು ಇಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ. ಹಡಗಿನವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಎಲ್ಲಿ ಸಿಗಬೇಕು? 1761ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ಪ್ಯಾಂಗ್ರೆ ಅನ್ನುವ ಫ್ರೆಂಚ್ ಖಗೋಳ ವಿಜ್ಞಾನಿ ಇಲ್ಲಿಗೆ ಬಂದಿದ್ದ. ಇದ್ದ ಮೂರು ಚಿಲ್ಲರೆ ತಿಂಗಳು ಆಮೆ ಬಿಟ್ಟು ಬೇರೆ ಏನನ್ನೂ ತಿಂದದ್ದೇ ಕಮ್ಮಿ ಅಂತ ಬರೆದಿದ್ದಾನೆ. ವಿಜ್ಞಾನಿಯೂ ತಿಂದ, ನಾವಿಕನೂ ತಿಂದ. 1800ರ ಹೊತ್ತಿಗೆ ತಿನ್ನಲು ಏನೂ ಉಳಿಯಲಿಲ್ಲ.

ಸಾಲಿಟೇರ್ ಎಂಬ ಹಕ್ಕಿಯ ಅಸ್ಥಿಪಂಜರದ ಮುಂದೆ ಐದು ನಿಮಿಷ ನಿಲ್ಲಿ. ಮಾರಿಷಸ್‌ನ ಡೋಡೋ ಹಕ್ಕಿಗೆ ಹತ್ತಿರದ ನೆಂಟ. ಹಾರಲು ಬಾರದು. ಈ ಒಂದು ದ್ವೀಪ ಬಿಟ್ಟು ಬೇರೆಲ್ಲೂ ಇರಲಿಲ್ಲ. ಇದೂ 18ನೇ ಶತಮಾನದಲ್ಲೇ ಅಳಿಯಿತು. ಈ ಎಲುಬಿನ ಆಕಾರ ಕಣ್ಣಲ್ಲಿ ಇಟ್ಟುಕೊಂಡು ಗುಹೆಗೆ ಇಳಿಯಿರಿ.

ಹಂತ 6: ಗುಹೆಯೊಳಗೆ

ಪ್ರವಾಸಿಗರಿಗೆ ತೋರಿಸುವ ಗುಹೆಯ ಹೆಸರು ಗ್ರಾಂದ್ ಕಾವೆರ್ನ್, ದೊಡ್ಡ ಗುಹೆ ಅಂತಲೇ ಅರ್ಥ. ನಡಿಗೆ ಅರ್ಧ ಕಿಲೋಮೀಟರಿನಷ್ಟು. ದಾರಿ ಮಾಡಿದ್ದಾರೆ, ದೀಪ ಇದೆ, ಹೆಲ್ಮೆಟ್ ಕೊಡುತ್ತಾರೆ. ಹೆಲ್ಮೆಟ್ ಪಟ್ಟಿಯನ್ನು ಸರಿಯಾಗಿ ಬಿಗಿದುಕೊಳ್ಳಿ, ಎತ್ತರದವರು ಮುಖ್ಯವಾಗಿ. ನಾನು ಎರಡು ಸಲ ತಲೆ ಕುಟ್ಟಿಸಿಕೊಂಡೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ರೊಡ್ರಿಗಸ್ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ, ಕಪ್ಪು ಕಲ್ಲಿನದು. ಅದರಲ್ಲಿ ಸುಣ್ಣದ ಗುಹೆ ಎಲ್ಲಿಂದ ಬಂತು? ಉತ್ತರ ಸಮುದ್ರದಲ್ಲಿದೆ. ದ್ವೀಪದ ಸುತ್ತ ಹವಳದ ದಿಬ್ಬ ಇದೆ. ಅದರೊಳಗಿನ ತಿಳಿನೀರಿನ ವಿಸ್ತಾರ ದ್ವೀಪದ ಎರಡರಷ್ಟು. ಹವಳ, ಚಿಪ್ಪು ಪುಡಿಯಾಗಿ ಮರಳಾಯಿತು. ಗಾಳಿ ಆ ಬಿಳಿ ಮರಳನ್ನು ಈ ಮೂಲೆಗೆ ತಂದು ದಿಣ್ಣೆ ದಿಣ್ಣೆಯಾಗಿ ಒಟ್ಟಿತು. ಮಳೆನೀರು ಸುಣ್ಣವನ್ನು ಕರಗಿಸಿ ಮತ್ತೆ ಕಟ್ಟುತ್ತಾ ಮರಳನ್ನು ಕಲ್ಲು ಮಾಡಿತು. ಆಮೇಲೆ ಅದೇ ಮಳೆನೀರು ಕಲ್ಲಿನ ಬಿರುಕಿನಲ್ಲಿ ಇಳಿದು ಒಳಗಿಂದ ಕರಗಿಸಿ ಟೊಳ್ಳು ಮಾಡಿತು. ಗೋಡೆಯ ಹತ್ತಿರ ಟಾರ್ಚ್ ಹಿಡಿದು ನೋಡಿ, ಮರಳಿನ ಪದರ ಓರೆಯಾಗಿ ಮಲಗಿರುವುದು ಕಾಣುತ್ತದೆ. ಅದು ಹಳೆಯ ಗಾಳಿಯ ಗುರುತು. ಆಂಧ್ರದ ಬೇಲಂ ಗುಹೆ ನೋಡಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲಿನ ಕಲ್ಲು ಲೆಕ್ಕಕ್ಕೆ ಸಿಗದಷ್ಟು ಹಳೆಯದು, ಗಟ್ಟಿ, ಕಪ್ಪು. ಇಲ್ಲಿನದು ಹೊಸದು, ಮೆದು, ಬಿಳಿ.

ಮೇಲಿಂದ ಇಳಿಬಿದ್ದ, ಕೆಳಗಿಂದ ಎದ್ದ ಸುಣ್ಣದ ಕೋಲುಗಳನ್ನು ಮುಟ್ಟಬೇಡಿ. ಗೈಡ್ ಹೇಳುತ್ತಾರೆ, ಆದರೂ ಕೈ ಹೋಗುತ್ತದೆ. ನಮ್ಮ ಕೈಯ ಜಿಡ್ಡು ಅಂಟಿದರೆ ಅಲ್ಲಿ ನೀರಿನ ಸುಣ್ಣ ಕೂರುವುದಿಲ್ಲ. ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ. ಯಾವ ಕಲ್ಲು ಯಾವ ಆಕಾರ ಅಂತ ತೋರಿಸುವ ಆಟ ಇಲ್ಲೂ ಇದೆ. ನಮ್ಮವರಿಗೆ ಹೇಗೂ ಲಿಂಗ, ಗಣಪತಿ ಕಂಡೇ ಕಾಣುತ್ತದೆ. ಅದರಲ್ಲಿ ಎರಡು ನಿಮಿಷ ಸಾಕು. ಉಳಿದ ಹೊತ್ತು ಗೈಡ್‌ಗೆ ಮೂಳೆಯ ವಿಷಯ ಕೇಳಿ.

ಹುಲ್ಲು ಪೊದೆ ಮುಚ್ಚಿದ ಬಿರುಕುಗಳ ಮೂಲಕ ಆಮೆಗಳು, ಸಾಲಿಟೇರ್ ಹಕ್ಕಿಗಳು ಗುಹೆಗಳಿಗೆ ಬೀಳುತ್ತಿದ್ದವು. ಹತ್ತಿ ಬರಲಾಗದೆ ಅಲ್ಲೇ ಸಾಯುತ್ತಿದ್ದವು. ಸುಣ್ಣದ ಮಣ್ಣು ಮೂಳೆಯನ್ನು ಕೆಡದಂತೆ ಕಾಪಾಡುತ್ತದೆ. 1874ರಲ್ಲಿ ಶುಕ್ರ ಮತ್ತೆ ಸೂರ್ಯನನ್ನು ಹಾದುಹೋದಾಗ ಬ್ರಿಟಿಷರ ತಂಡ ಇಲ್ಲಿಗೆ ಬಂತು. ಅವರ ಜೊತೆ ಬಂದ ಹೆನ್ರಿ ಸ್ಲೇಟರ್ ಆಕಾಶದ ಕಡೆ ನೋಡುವ ಬದಲು ಈ ಗುಹೆಗಳನ್ನು ಕೆದಕಿ ಚೀಲಗಟ್ಟಲೆ ಮೂಳೆ ತೆಗೆದ. ಲೆಗಾ ಬರೆದ ವಿಚಿತ್ರ ಹಕ್ಕಿ ಕಟ್ಟುಕಥೆಯಲ್ಲ ಅನ್ನುವುದಕ್ಕೆ ಸಾಕ್ಷಿ ಕೊಟ್ಟದ್ದು ಇಂಥ ಮೂಳೆಗಳೇ.

ಒಂದು ಕೋರಿಕೆ ಇಡಿ. ಗುಂಪಿನವರು ಒಪ್ಪಿದರೆ ಅರ್ಧ ನಿಮಿಷ ಎಲ್ಲ ದೀಪ ಆರಿಸಲು ಗೈಡ್‌ಗೆ ಕೇಳಿ. ಮಕ್ಕಳ ಕೈ ಹಿಡಿದುಕೊಂಡು ನಿಲ್ಲಿ. ನೀರಿನ ತೊಟ್ಟು ಬೀಳುವುದು ಮಾತ್ರ ಕೇಳಿಸುತ್ತದೆ.

ಹಂತ 7: ಆಮೆಗಳ ಜೊತೆ

ಗುಹೆಯಿಂದ ಮೇಲೆ ಬಂದಾಗ, ಅಥವಾ ಗುಹೆಗೆ ಹೋಗುವ ದಾರಿಯಲ್ಲೇ, ಕಲ್ಲಿನ ಗೋಡೆಗಳ ಮಧ್ಯದ ತಗ್ಗು ಕಣಿವೆ ಸಿಗುತ್ತದೆ. ಗುಹೆಯ ಚಾವಣಿ ಕುಸಿದು ಆದ ಜಾಗ ಅದು. ದೂರದಿಂದ ಬಂಡೆ ಅಂದುಕೊಂಡದ್ದು ಎದ್ದು ನಡೆಯಲು ಶುರು ಮಾಡುತ್ತದೆ. ಮೊದಲ ಸಲ ನೋಡಿದಾಗ ನಿಜಕ್ಕೂ ಬೆಚ್ಚಿದೆ.

ಇವು ಅಲ್ಡಾಬ್ರಾ ದೈತ್ಯ ಆಮೆಗಳು. ಸೇಶೆಲ್ಸ್ ದೇಶದ ಅಲ್ಡಾಬ್ರಾ ಎಂಬ ಹವಳದ್ವೀಪದ ಜಾತಿ. ಹಿಂದೂ ಮಹಾಸಾಗರದಲ್ಲಿ ಇದ್ದ ದೈತ್ಯ ಆಮೆಗಳ ಜಾತಿಗಳೆಲ್ಲ ಒಂದೊಂದಾಗಿ ಅಳಿದಾಗ ಕಾಡಿನಲ್ಲಿ ಉಳಿದದ್ದು ಇದೊಂದೇ. ಅಲ್ಡಾಬ್ರಾ ದೂರ, ಕುಡಿಯುವ ನೀರಿಲ್ಲ, ಮನುಷ್ಯರು ನೆಲೆಸಲು ಆಗಲಿಲ್ಲ. ಆಮೆಗಳಿಗೆ ಅದೇ ರಕ್ಷೆಯಾಯಿತು. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಇನ್ನೂ ಕೆಲವು ವಿಜ್ಞಾನಿಗಳು ಸೇರಿ ಮಾರಿಷಸ್ ಗವರ್ನರ್‌ಗೆ ಪತ್ರ ಬರೆದು, ಇವನ್ನಾದರೂ ಉಳಿಸಿ ಅಂತ ಕೇಳಿದರು. ಸ್ಲೇಟರ್ ಮೂಳೆ ಅಗೆಯುತ್ತಿದ್ದ ಅದೇ ವರ್ಷ!

ಈ ಧಾಮ ಶುರುವಾದದ್ದು 2007ರಲ್ಲಿ. ಮಾರಿಷಸ್‌ನ ಲಾ ವನಿಲ್ ಉದ್ಯಾನ ನಡೆಸುವ ಓವೆನ್ ಗ್ರಿಫಿತ್ಸ್ ಇದರ ಹಿಂದಿದ್ದಾರೆ. ಅಲ್ಲಿ ಸಾಕಿದ ಕೆಲವು ನೂರು ಆಮೆಗಳನ್ನು ಇಲ್ಲಿಗೆ ತಂದರು. ಈಗ ಮರಿಗಳೂ ಸೇರಿ ಸಾವಿರಾರು ಆಗಿವೆ. ಸುಮ್ನೆ ಪ್ರದರ್ಶನಕ್ಕೆ ತಂದದ್ದಲ್ಲ ಇವು. ದ್ವೀಪದ ಮರಗಿಡಗಳಿಗೆ ಆಮೆ ಬೇಕು. ಹಣ್ಣು ತಿಂದು, ನಡೆದು, ದೂರ ಹೋಗಿ ಗೊಬ್ಬರದ ಸಮೇತ ಬೀಜ ಹಾಕುತ್ತವೆ. ಹುಲ್ಲನ್ನು ಮೇಯ್ದು ಗಿಡ್ಡ ಮಾಡುತ್ತವೆ. ತೀರಿಹೋದವರ ಕೆಲಸವನ್ನು ದೂರದ ನೆಂಟರು ಬಂದು ಮಾಡಿದ ಹಾಗೆ. ಧಾಮದಲ್ಲಿ ಸ್ಥಳೀಯ ಗಿಡಗಳನ್ನೂ ಸಾವಿರಗಟ್ಟಲೆ ನೆಟ್ಟಿದ್ದಾರೆ.

ಇನ್ನು ಹೇಗೆ ನೋಡಬೇಕು ಅನ್ನುವುದು.

ಬೆಳಗಿನ ಗುಂಪನ್ನೇ ಕೇಳಿ ಅಂದೆನಲ್ಲ. ಆಮೆಗೆ ಮೈ ತಣ್ಣಗಿಟ್ಟುಕೊಳ್ಳಲು ನಮ್ಮ ಹಾಗೆ ಬೆವರು ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಸಿಕ್ಕರೆ ಪ್ರಾಣವೇ ಹೋಗಬಹುದು. ಆದ್ದರಿಂದ ಹತ್ತು ಹನ್ನೊಂದರ ನಂತರ ನೆರಳು ಹುಡುಕಿ ಗುಡ್ಡೆ ಗುಡ್ಡೆಯಾಗಿ ಮಲಗಿಬಿಡುತ್ತವೆ. ಮೇಯುವುದು, ಜಗಳ ಆಡುವುದು, ನಡೆಯುವುದು ನೋಡಬೇಕಾದರೆ ಬೆಳಗ್ಗೆ, ಇಲ್ಲವೇ ಬಿಸಿಲು ಇಳಿದ ಮೇಲೆ.

ಮುಂದಿನಿಂದ, ಅದರ ಕಣ್ಣಿಗೆ ಕಾಣುವಂತೆ, ನಿಧಾನಕ್ಕೆ ಹತ್ತಿರ ಹೋಗಿ. ಹಿಂದಿನಿಂದ ಹೋದರೆ ತಲೆ ಒಳಗೆ ಎಳೆದುಕೊಂಡು ಬುಸ್ ಅನ್ನುತ್ತದೆ. ಹಾವಿನ ಥರ ಕೋಪ ಅಂದುಕೊಳ್ಳಬೇಡಿ. ತಲೆ ಒಳಗೆ ಹೋಗಲು ಜಾಗ ಬೇಕಲ್ವಾ, ಶ್ವಾಸಕೋಶದ ಗಾಳಿ ಹೊರಗೆ ಬರುವ ಸದ್ದು ಅದು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗೈಡ್ ಸರಿ ಅಂದ ಮೇಲೆ, ಕತ್ತಿನ ಕೆಳಗೆ ಮೆಲ್ಲಗೆ ತುರಿಸಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ನಾಲ್ಕೂ ಕಾಲು ನೆಟ್ಟಗೆ ಮಾಡಿ ಎದ್ದು ನಿಂತು, ಕತ್ತು ಪೂರ್ತಿ ಚಾಚಿ, ಕಣ್ಣು ಅರೆಮುಚ್ಚಿ ನಿಂತುಬಿಡುತ್ತದೆ. ಎರಡೂವರೆ ಕ್ವಿಂಟಲ್ ತೂಗುವ ಗಂಡು ಆಮೆ ಹಸುವಿನ ಗಂಗೆದೊಗಲು ಸವರಿದಾಗಿನ ಹಾಗೆ ಮುಖ ಮಾಡುವುದು ನೋಡಿಯೇ ತೀರಬೇಕು. ಹಕ್ಕಿಗಳು ಬಂದು ಮೈಮೇಲಿನ ಹುಳ ಹೆಕ್ಕಲಿ ಅಂತ ಆಮೆ ಹೀಗೆ ನಿಲ್ಲುವುದು ರೂಢಿ. ನಮ್ಮ ಬೆರಳನ್ನು ಹಕ್ಕಿ ಅಂದುಕೊಳ್ಳುತ್ತದೆ.

ಗಂಡು ಹೆಣ್ಣು ಗುರುತಿಸಲು ಬಾಲ ನೋಡಿ. ಗಂಡಿಗೆ ಉದ್ದ, ದಪ್ಪ. ಗಂಡಿನ ಹೊಟ್ಟೆಯ ಚಿಪ್ಪು ಒಳಕ್ಕೆ ಸ್ವಲ್ಪ ತಗ್ಗಾಗಿರುತ್ತದೆ. ಬೆನ್ನ ಮೇಲಿನ ಗೆರೆ ಎಣಿಸಿ ವಯಸ್ಸು ಹೇಳುವವರನ್ನು ನಂಬಬೇಡಿ. ದೊಡ್ಡ ಆಮೆಗಳಲ್ಲಿ ಗೆರೆ ಸವೆದಿರುತ್ತದೆ. ನೂರು ವರ್ಷ ದಾಟುವುದು ಮಾತ್ರ ನಿಜ. ಕೋಲ್ಕತ್ತದ ಅಲಿಪುರ್ ಮೃಗಾಲಯದಲ್ಲಿ 2006ರಲ್ಲಿ ಸತ್ತ ಅದ್ವೈತ ಇದೇ ಜಾತಿಯದು. ಅದಕ್ಕೆ 250 ಆಗಿತ್ತು ಅನ್ನುತ್ತಾರೆ, ಗಟ್ಟಿ ದಾಖಲೆ ಇಲ್ಲ.

ಬೆನ್ನ ಮೇಲೆ ಕೂರಬೇಡಿ, ಮಕ್ಕಳನ್ನು ಕೂರಿಸಬೇಡಿ. ಚಿಪ್ಪು ಬರೀ ಕವಚ ಅಲ್ಲ, ಅದರ ಬೆನ್ನುಮೂಳೆ, ಪಕ್ಕೆಲುಬೇ ಹಾಗೆ ಹರಡಿಕೊಂಡಿರುವುದು. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಗೈಡ್ ಕೊಟ್ಟ ಎಲೆ ಬಿಟ್ಟು ಬೇರೆ ತಿನ್ನಿಸಬೇಡಿ. ಎಲೆ ಕೊಡುವಾಗ ಬೆರಳು ದೂರ ಇರಲಿ. ಹಲ್ಲಿಲ್ಲ, ಆದರೆ ಬಾಯಿಯ ಅಂಚು ಅಡಕತ್ತರಿ. ಫೋಟೋ ಬೇಕಾದರೆ ನೆಲದ ಮಟ್ಟಕ್ಕೆ ಇಳಿಯಿರಿ. ನಿಂತುಕೊಂಡು ತೆಗೆದ ಫೋಟೋಗಳಲ್ಲಿ ಎಲ್ಲ ಆಮೆಗಳೂ ಕಲ್ಲೇ.

ಮರಿಗಳ ವಿಭಾಗದಲ್ಲಿ ಅಂಗೈಯಲ್ಲಿ ಹಿಡಿಯುವಂಥವು ಇವೆ. ಮೊಟ್ಟೆ ಇರುವ ಮಣ್ಣು ಬೆಚ್ಚಗಿದ್ದರೆ ಹೆಣ್ಣು ಮರಿ ಜಾಸ್ತಿ, ತಂಪಾಗಿದ್ದರೆ ಗಂಡು. ಅಲ್ಲೇ ನಕ್ಷತ್ರದ ಗೆರೆಗಳಿರುವ ಸಣ್ಣ ಆಮೆಗಳೂ ಕಾಣಿಸುತ್ತವೆ. ನಮ್ಮ ಕೋಲಾರದ ಕಡೆಯ ನಕ್ಷತ್ರ ಆಮೆ ಅಂತಲೇ ಅನ್ನಿಸುತ್ತದೆ. ಅಲ್ಲ, ಅವು ಮಡಗಾಸ್ಕರ್‌ನವು. ಪಾಡು ಮಾತ್ರ ಒಂದೇ. ಚಂದ ಇದೆ, ಅದೃಷ್ಟ ತರುತ್ತದೆ ಅಂತ ಕದ್ದು ಸಾಗಿಸುತ್ತಾರೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತುಂಬಾ ನಕ್ಷತ್ರ ಆಮೆ ಸಿಕ್ಕಿದ ಸುದ್ದಿ ಓದಿಯೇ ಇರುತ್ತೀರಿ.

ದೊಡ್ಡ ಬಾವಲಿಗಳ ಬಲೆಮನೆ ಕಂಡರೆ ಅಲ್ಲೂ ನಿಲ್ಲಿ. ಹೊನ್ನಿನ ಬಣ್ಣದ ತುಪ್ಪಳದ ರೊಡ್ರಿಗಸ್ ಬಾವಲಿ 1970ರ ದಶಕದಲ್ಲಿ ನೂರಕ್ಕಿಂತ ಕೆಳಗೆ ಇಳಿದಿತ್ತು. ಈಗ ಸಂಜೆ ಹೊತ್ತು ದ್ವೀಪದ ಮರಗಳ ಮೇಲೆಲ್ಲ ಹಾರುತ್ತವೆ.

ಹೊರಡುವ ಮುಂಚೆ ಕೈ ಸೋಪಿನಲ್ಲಿ ತೊಳೆಯಿರಿ, ಆಮೇಲೆ ಚಕ್ಕುಲಿ ತೆಗೆಯಿರಿ. ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವುದುಂಟು.

ಹಂತ 8: ಪಟಾಟ್ ಗುಹೆಯೂ ಬೇಕಾ?

ಹತ್ತಿರದಲ್ಲೇ ಇನ್ನೊಂದು ಗುಹೆ ಇದೆ, ಕಾವೆರ್ನ್ ಪಟಾಟ್. ಧಾಮಕ್ಕೆ ಸೇರಿದ್ದಲ್ಲ. ಒಂದು ಕಿಲೋಮೀಟರಿನಷ್ಟು ಉದ್ದ, ದಾರಿ ಒರಟು, ಜಾರಿಕೆ ಜಾಸ್ತಿ. ಇಲ್ಲೂ ಗೈಡ್ ಜೊತೆಗೇ ಹೋಗಬೇಕು. ಮೈಕೈ ಮಣ್ಣಾದರೂ ಪರವಾಗಿಲ್ಲ, ನಿಜವಾದ ಗುಹೆಯಲ್ಲಿ ನಡೆದೆ ಅನ್ನಿಸಬೇಕು ಅನ್ನುವವರು ಇದಕ್ಕೆ ಹೋಗಿ. ಚಿಕ್ಕ ಮಕ್ಕಳು, ಹಿರಿಯರು ಇದ್ದರೆ ದೊಡ್ಡ ಗುಹೆಯೇ ಸಾಕು. ಎರಡನ್ನೂ ಒಂದೇ ದಿನ ಮಾಡಬಹುದು, ನಾನು ಮಾಡಿದೆ, ಮತ್ತೊಮ್ಮೆ ಮಾಡಲಾರೆ.

ಹಂತ 9: ಮರುದಿನ ಗಿಡ ನೋಡಲು

ಆಮೆಯ ಕಥೆಯ ಉಳಿದ ಭಾಗ ಗುಡ್ಡದ ಮೇಲಿದೆ. ದ್ವೀಪದ ಪೂರ್ವ ಭಾಗದ ಗ್ರಾಂದ್ ಮೊಂತಾಞ್ ಮೀಸಲು ಅರಣ್ಯಕ್ಕೆ ಬೆಳಗ್ಗೆ ಹೋಗಿ. ಮಾರಿಷಸ್ ವನ್ಯಜೀವಿ ಪ್ರತಿಷ್ಠಾನದವರು ಅಲ್ಲಿ ಸ್ಥಳೀಯ ಗಿಡಗಳನ್ನು ಬೆಳೆಸುತ್ತಿದ್ದಾರೆ. ಒಂದೆರಡು ಗಂಟೆಯ ಹಗುರ ನಡಿಗೆ.

ಅಲ್ಲಿನವರಿಗೆ ಕಾಡು ಕಾಫಿ ಗಿಡದ ಬಗ್ಗೆ ಕೇಳಿ. ಅವರ ಮಾತಲ್ಲಿ 'ಕಾಫೆ ಮಾರೋನ್'. ಕೊಡಗು, ಚಿಕ್ಕಮಗಳೂರಿನ ಕಾಫಿಯ ಕುಟುಂಬಕ್ಕೇ ಸೇರಿದ್ದು. ಅಳಿದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 1980ರ ಹೊತ್ತಿಗೆ ಒಬ್ಬ ಶಾಲಾ ಹುಡುಗ ಒಂದೇ ಒಂದು ಗಿಡ ಹುಡುಕಿ ಮೇಷ್ಟರಿಗೆ ತೋರಿಸಿದ. ಅದಕ್ಕೆ ಬೇಲಿ ಹಾಕಿದರು. 1986ರಲ್ಲಿ ಕೊಂಬೆಯ ತುಂಡುಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿ ಚಿಗುರಿಸಿದರು. ಅದರ ಎಳೆ ಗಿಡದ ಎಲೆ ಉದ್ದ, ಸಪೂರ, ಕಂದು ಬಣ್ಣ, ಒಣಗಿದ ಹಾಗೆ. ಆಳೆತ್ತರ ಆದ ಮೇಲೆ ಬರುವ ಎಲೆ ಅಗಲ, ಹಸಿರು. ಈ ದ್ವೀಪದ ಬೇರೆ ಎಷ್ಟೋ ಗಿಡಗಳೂ ಹೀಗೇ. ಆಮೆಯ ಬಾಯಿಗೆ ಎಟುಕುವ ಎತ್ತರದವರೆಗೆ ತಿನ್ನಲು ಬಾರದಂತೆ ವೇಷ ಹಾಕುವುದು, ಅದರ ಕತ್ತು ಎಟುಕದ ಎತ್ತರ ತಲುಪಿದ ಮೇಲೆ ನಿಜರೂಪ ತೋರಿಸುವುದು ಅಂತ ಸಸ್ಯತಜ್ಞರು ಹೇಳುತ್ತಾರೆ. ಆಮೆಗಳು ಹೋಗಿ ಇನ್ನೂರು ವರ್ಷ ದಾಟಿದೆ, ಗಿಡಗಳು ಈಗಲೂ ಹಾಗೇ ಮಾಡುತ್ತಿವೆ. ಫೋಟೋ ತೆಗೆಯುವಾಗ ಕೆಳಗಿನ ಎಲೆ, ಮೇಲಿನ ಎಲೆ ಎರಡೂ ಒಂದೇ ಚಿತ್ರದಲ್ಲಿ ಬರುವ ಹಾಗೆ ನಾಲ್ಕು ಹೆಜ್ಜೆ ಹಿಂದೆ ನಿಂತು ತೆಗೆಯಿರಿ.